ಸವಾಲಿನ ದಾನವೂ ಮುಷ್ಟಿಯ ದಾನವೂ

ಶ್ರಾವಕನಿಗೆ ವಿಹಿತವಾದ ಷಟ್ಕರ್ಮಗಳಲ್ಲಿ ದಾನವು ಕಡೆಯದು. ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸು ಮತ್ತು ದಾನ ಎಂಬ ಈ ಆರನ್ನೂ ಆಚಾರ್ಯರು ದಿನದಿನದ ಕರ್ತವ್ಯಗಳೆಂದು ವಿಧಿಸಿದರೇ ಹೊರತು ವರ್ಷಕ್ಕೊಮ್ಮೆ ನಡೆಯುವ ಉತ್ಸವಗಳೆಂದು ವಿಧಿಸಲಿಲ್ಲ. ಲಕ್ಷಾಧೀಶನಿಗೆ ಒಂದು ಧರ್ಮ, ಕೂಲಿಕಾರನಿಗೆ ಇನ್ನೊಂದು ಧರ್ಮ ಎಂಬ ಭೇದವನ್ನೂ ಅವರು ಮಾಡಲಿಲ್ಲ. ಹೀಗಿರುವಾಗ, ದಾನವೆಂದರೆ ಸಿರಿವಂತರು ಪರ್ವಕಾಲದಲ್ಲಿ ನಡೆಸುವ ಒಂದು ಕಾರ್ಯಕ್ರಮ, ಉಳಿದವರು ಅದನ್ನು ಕುಳಿತು ನೋಡಿ ಚಪ್ಪಾಳೆ ತಟ್ಟತಕ್ಕವರು ಎಂಬ ಭಾವನೆಯು ಸಮಾಜದಲ್ಲಿ ಬೇರೂರಿದ್ದು ಹೇಗೆ? ಇದಕ್ಕೆ ಮುಖ್ಯ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಬಸದಿಗಳ ಸಭಾಮಂಟಪದಲ್ಲಿ ದಾನದ ಹೆಸರಿನಿಂದ ನಡೆಯುತ್ತಿರುವ ಸವಾಲೇ ಆ ಕಾರಣ. ಕೆಲವರು ಇದನ್ನು ಬೋಲಿ ಎನ್ನುತ್ತಾರೆ, ಕೆಲವರು ಹರಾಜು ಎನ್ನುತ್ತಾರೆ. ಹೆಸರು ಯಾವುದಾದರೂ ವಸ್ತು ಒಂದೇ.

ದಶಲಕ್ಷಣ ಪರ್ವದ ದಿನಗಳನ್ನು ನೆನೆದರೆ ಇದರ ಸ್ವರೂಪ ಸ್ಪಷ್ಟವಾಗುತ್ತದೆ. ಪರ್ವದ ಎರಡನೆಯ ದಿನ ಉತ್ತಮ ಮಾರ್ದವ ಧರ್ಮದ ಪ್ರವಚನ. ಮಾನಕಷಾಯವನ್ನು ಗೆಲ್ಲಬೇಕು, ಕುಲ ಬಲ ಐಶ್ವರ್ಯಗಳ ಮದವನ್ನು ತೊರೆಯಬೇಕು ಎಂದು ಪಂಡಿತರು ಮನಮುಟ್ಟುವಂತೆ ವಿವರಿಸುತ್ತಾರೆ. ಎಂಟನೆಯ ದಿನ ಉತ್ತಮ ತ್ಯಾಗ ಧರ್ಮದ ವಿವೇಚನೆ. ಆದರೆ ಪ್ರವಚನ ಮುಗಿದ ಕೂಡಲೇ ಅದೇ ಮಂಟಪದಲ್ಲಿ, ಅದೇ ಧ್ವನಿವರ್ಧಕದ ಮುಂದೆ, ಮರುದಿನದ ಪ್ರಥಮ ಕಲಶ, ಶಾಂತಿಧಾರೆ, ಮಂಗಳಾರತಿಗಳ ಸವಾಲು ಆರಂಭವಾಗುತ್ತದೆ. ಐದು ಸಾವಿರ ಹತ್ತಾಗುತ್ತದೆ, ಹತ್ತು ಇಪ್ಪತ್ತಾಗುತ್ತದೆ. ಕೂಗುವವನು ಇಬ್ಬರು ಸಾಹುಕಾರರ ಹೆಸರುಗಳನ್ನು ಮತ್ತೆ ಮತ್ತೆ ಎತ್ತಿ, ಇವರು ಇಷ್ಟು ಹೇಳಿದರು, ಅವರು ಸುಮ್ಮನಿರುವರೇ ಎಂದು ಕೆಣಕುತ್ತಾನೆ. ಒಂದು ಸಲ, ಎರಡು ಸಲ, ಮೂರು ಸಲ ಎಂದಾಗ ಜಯಕಾರ ಮೊಳಗುತ್ತದೆ, ಶಾಲು ಹೊದಿಸಲಾಗುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತ ವೃದ್ಧ ಶ್ರಾವಕಿಯೊಬ್ಬರು ಸೆರಗಿನ ಗಂಟಿನಲ್ಲಿ ಕಟ್ಟಿ ತಂದ ಐವತ್ತೊಂದು ರೂಪಾಯಿಯನ್ನು ಯಾರ ಕೈಗೆ ಕೊಡಬೇಕೆಂದು ತೋಚದೆ, ಸಂಕೋಚದಿಂದ ಭಂಡಾರದ ಪೆಟ್ಟಿಗೆಯಲ್ಲಿ ಹಾಕಿ ಹೊರಟುಹೋಗುತ್ತಾರೆ. ಅವರ ಹೆಸರನ್ನು ಯಾರೂ ಕೇಳುವುದಿಲ್ಲ. ಅವರಿಗೆ ಅದು ಬೇಕಾಗಿಯೂ ಇಲ್ಲ. ಆದರೆ ತಾನು ಕೊಟ್ಟದ್ದು ಗಣನೆಗೆ ಬಾರದ್ದು ಎಂಬ ಭಾವನೆಯೊಂದನ್ನು ಅವರು ಮನೆಗೆ ಕೊಂಡೊಯ್ಯುತ್ತಾರೆ. ಅದನ್ನು ಕೊಟ್ಟು ಕಳಿಸಿದ್ದು ಸಮಾಜ.

ಇಂತಹ ನೋಟವು ಒಂದು ಊರಿಗೆ ಮೀಸಲಾದುದಲ್ಲ. ಆದುದರಿಂದ ಇಲ್ಲಿ ವಿಚಾರಿಸಬೇಕಾದ ಪ್ರಶ್ನೆಯು ವ್ಯಕ್ತಿಗಳದ್ದಲ್ಲ, ಪದ್ಧತಿಯದು. ಸವಾಲಿನಲ್ಲಿ ಕೊಟ್ಟ ಹಣವು ಶಾಸ್ತ್ರದ ದೃಷ್ಟಿಯಲ್ಲಿ ದಾನವೇ?

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಾನದ ಲಕ್ಷಣವನ್ನು ಹೇಳಿ, ಅದರ ಫಲದಲ್ಲಿ ತಾರತಮ್ಯವುಂಟಾಗುವುದಕ್ಕೆ ನಾಲ್ಕು ಕಾರಣಗಳನ್ನು ಕೊಟ್ಟಿದ್ದಾರೆ: ವಿಧಿ, ದ್ರವ್ಯ, ದಾತೃ, ಪಾತ್ರ. ಕೊಡುವ ರೀತಿ, ಕೊಡುವ ವಸ್ತುವಿನ ಯೋಗ್ಯತೆ, ಕೊಡುವವನ ಗುಣ, ಪಡೆಯುವವನ ಗುಣ. ಈ ನಾಲ್ಕರಲ್ಲಿ ಮೊತ್ತಕ್ಕೆ ಸ್ಥಾನವಿಲ್ಲ. ದ್ರವ್ಯವಿಶೇಷ ಎಂಬುದಕ್ಕೂ ವ್ಯಾಖ್ಯಾನಕಾರರು ತಪಸ್ಸು ಸ್ವಾಧ್ಯಾಯಗಳಿಗೆ ಸಹಾಯಕವಾದ ವಸ್ತು ಎಂದೇ ಅರ್ಥ ಹೇಳಿದರು, ಹೆಚ್ಚು ಬೆಲೆಯ ವಸ್ತು ಎನ್ನಲಿಲ್ಲ. ಸವಾಲು ಅಳೆಯುವುದಾದರೋ ಮೊತ್ತವೊಂದನ್ನೇ. ಆಚಾರ್ಯರು ಹೇಳಿದ ನಾಲ್ಕನ್ನೂ ಬಿಟ್ಟು, ಅವರು ಹೇಳದ ಐದನೆಯದನ್ನು ಹಿಡಿದುಕೊಂಡದ್ದು ಎಂತಹ ವಿಪರ್ಯಾಸ!

ಅದೇ ಅಧ್ಯಾಯದಲ್ಲಿ ಅತಿಥಿಸಂವಿಭಾಗ ವ್ರತದ ಐದು ಅತಿಚಾರಗಳನ್ನು ಎಣಿಸಲಾಗಿದೆ. ಅವುಗಳಲ್ಲಿ ಒಂದು ಮಾತ್ಸರ್ಯ. ಇನ್ನೊಬ್ಬ ದಾತೃವಿನ ಗುಣವನ್ನು ಸಹಿಸದೆ ಇರುವುದು, ಆದರವಿಲ್ಲದೆ ಕೊಡುವುದು ಎಂಬುದು ಅದರ ವಿವರಣೆ. ಮತ್ತೊಂದು ಕಾಲಾತಿಕ್ರಮ, ಎಂದರೆ ಕೊಡಬೇಕಾದ ಹೊತ್ತನ್ನು ಮೀರಿಸುವುದು. ಇವು ಮುನಿಗಳಿಗೆ ಆಹಾರ ಕೊಡುವ ಸಂದರ್ಭದಲ್ಲಿ ಹೇಳಿದವು, ನಿಜ. ಆದರೆ ಸಣ್ಣ ದಾನದಲ್ಲಿ ದೋಷವಾದದ್ದು ದೊಡ್ಡ ದಾನದಲ್ಲಿ ಗುಣವಾದೀತೇ? ಮಾತ್ಸರ್ಯವನ್ನು ತೆಗೆದುಬಿಟ್ಟರೆ ಸವಾಲಿನಲ್ಲಿ ಉಳಿಯುವುದೇನು? ಪಕ್ಕದವನು ಹೇಳಿದ್ದಕ್ಕಿಂತ ಹೆಚ್ಚು ಹೇಳಬೇಕೆಂಬ ಹಟವೇ ಅದರ ಎಣ್ಣೆ, ಅದೇ ಅದರ ಬತ್ತಿ. ಇನ್ನು ಕಾಲಾತಿಕ್ರಮದ ಮಾತು. ಜಯಕಾರದ ನಡುವೆ ಕೂಗಿದ ಹಣವು ವರ್ಷಗಟ್ಟಲೆ ಬಾಕಿಯಾಗಿಯೇ ಉಳಿದು, ಲೆಕ್ಕಪುಸ್ತಕದಲ್ಲಿ ಬರತಕ್ಕ ಹಣವೆಂದು ಪ್ರತಿವರ್ಷವೂ ಮುಂದಕ್ಕೆ ಒಯ್ಯಲ್ಪಡುವುದನ್ನು ಬಸದಿಗಳ ಲೆಕ್ಕ ಬರೆದವರು ಬಲ್ಲರು. ಶಾಲು ಅಂದೇ ಹೊದಿಸಿದ್ದಾಯಿತು. ಹಣ ಇನ್ನೂ ಬರಬೇಕು!

ಅಮೃತಚಂದ್ರ ಆಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ದಾನವನ್ನು ಅಹಿಂಸೆಯೊಂದಿಗೆ ಜೋಡಿಸಿದ ಬಗೆ ಅಪೂರ್ವವಾದುದು. ಲೋಭವು ಹಿಂಸೆಯ ಒಂದು ರೂಪ. ದಾನವು ಲೋಭವನ್ನು ಕಳೆಯುತ್ತದೆ. ಆದುದರಿಂದ ದಾನವು ಅಹಿಂಸೆಯೇ ಎಂಬುದು ಅವರ ವಾದಸರಣಿ. ಈ ಸರಣಿಯನ್ನು ಸವಾಲಿಗೆ ಅನ್ವಯಿಸಿ ನೋಡಿದರೆ ಸತ್ಯ ಹೊರಬೀಳುತ್ತದೆ. ಸವಾಲಿನಲ್ಲಿ ಗೆದ್ದವನು ಲೋಭವನ್ನು ಸ್ವಲ್ಪ ಬಿಟ್ಟಿದ್ದಾನೆ, ಸಂಶಯವಿಲ್ಲ. ಆದರೆ ಬಿಟ್ಟ ಲೋಭದ ಬದಲಿಗೆ ಅಷ್ಟೇ ತೂಕದ ಮಾನವನ್ನು ಪಡೆದುಕೊಂಡಿದ್ದಾನೆ. ಮಾನವೂ ಕಷಾಯ, ಲೋಭವೂ ಕಷಾಯ. ಒಂದು ಕಷಾಯವನ್ನು ಕೊಟ್ಟು ಇನ್ನೊಂದನ್ನು ತೆಗೆದುಕೊಳ್ಳುವುದಕ್ಕೆ ವ್ಯಾಪಾರಿಗಳ ಭಾಷೆಯಲ್ಲಿ ವಿನಿಮಯ ಎಂದು ಹೆಸರು. ಹಣ ಕೊಟ್ಟು, ಅದಕ್ಕೆ ಪ್ರತಿಯಾಗಿ ಪ್ರಥಮ ಕಲಶದ ಗೌರವವನ್ನು ಸಾರ್ವಜನಿಕವಾಗಿ ಪಡೆದರೆ ಅದು ಕ್ರಯ. ಸರಕು ಮಾತ್ರ ಕಣ್ಣಿಗೆ ಕಾಣದ ಸರಕು. ಅಂಗಡಿಯಲ್ಲಿ ಕುಳಿತು ಕ್ರಯಕ್ಕೂ ದಾನಕ್ಕೂ ಇರುವ ಭೇದವನ್ನು ಚೆನ್ನಾಗಿ ಅರಿತಿರುವ ಸಮಾಜವು ಬಸದಿಯ ಮೆಟ್ಟಿಲು ಏರಿದೊಡನೆ ಅದನ್ನು ಮರೆಯುವುದು ಆಶ್ಚರ್ಯ.

ಸವಾಲಿನ ಪಕ್ಷಪಾತಿಗಳು ಹೇಳುವ ಮೊದಲ ಮಾತು ಪ್ರಯೋಜನದ್ದು. ಸವಾಲಿಲ್ಲದೆ ಹಣ ಎಲ್ಲಿಂದ ಬರಬೇಕು, ಜೀರ್ಣೋದ್ಧಾರ ಹೇಗೆ ನಡೆಯಬೇಕು, ಪಾಠಶಾಲೆಗೆ ಯಾರು ಕೊಡುತ್ತಾರೆ ಎಂದು ಅವರು ಕೇಳುತ್ತಾರೆ. ಈ ಮಾತನ್ನು ತಳ್ಳಿಹಾಕಲಾಗದು. 2018ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದಲ್ಲಿ ಮೊದಲ ಕಲಶಕ್ಕೆ 11 ಕೋಟಿ ರೂಪಾಯಿಗೂ ಮಿಕ್ಕಿದ ಹಣ ಬಂದಿತು. ಹಣವನ್ನು ಆಸ್ಪತ್ರೆಯ ನಿರ್ಮಾಣಕ್ಕೆ ಬಳಸುವ ಸಂಕಲ್ಪವೂ ಪ್ರಕಟವಾಗಿತ್ತು. ಆಸ್ಪತ್ರೆ ಒಳ್ಳೆಯದು, ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದು. ಅಷ್ಟು ಹಣ ಕೊಡಬಲ್ಲವರು ಕೊಟ್ಟದ್ದೂ ಒಳ್ಳೆಯದೇ. ಆಕ್ಷೇಪವಿರುವುದು ಕೊಟ್ಟದ್ದಕ್ಕಲ್ಲ, ಗೊಮ್ಮಟನ ಮಸ್ತಕದ ಮೇಲೆ ಮೊದಲು ನೀರೆರೆಯುವ ಪುಣ್ಯಕ್ಕೆ ಬೆಲೆ ಕಟ್ಟಿದ್ದಕ್ಕೆ.

ಅದರಲ್ಲೂ ಆ ಬೆಟ್ಟದ ಮೇಲೆಯೇ ಈ ಬೆಲೆ ಕಟ್ಟುವುದು ಹೆಚ್ಚು ವಿಚಿತ್ರ. ಚಾವುಂಡರಾಯನು 981ರ ಸುಮಾರಿನಲ್ಲಿ 58 ಅಡಿ ಎತ್ತರದ ಬಾಹುಬಲಿಯನ್ನು ಮಾಡಿಸಿ, ಕೊಡಗಟ್ಟಲೆ ಹಾಲನ್ನು ಎರೆಸಿದಾಗ ಅದು ಪಾದವನ್ನು ಮುಟ್ಟಲಿಲ್ಲವೆಂದೂ, ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಸಿಪ್ಪೆಯಲ್ಲಿ ತಂದ ಹಾಲು ಮಸ್ತಕದಿಂದ ಪಾದದವರೆಗೂ ಹರಿದು ಬೆಟ್ಟವನ್ನೇ ತೋಯಿಸಿತೆಂದೂ ಐತಿಹ್ಯ ಹೇಳುತ್ತದೆ. ಆಕೆ ಕೂಷ್ಮಾಂಡಿನೀ ದೇವಿಯೆಂದು ನಂಬುವವರು ನಂಬಲಿ. ಕಥೆಯ ತಾತ್ಪರ್ಯವಾದರೋ ಒಂದೇ. ಗಂಗರ ರಾಜ್ಯದ ಮಂತ್ರಿಯೂ ಸೇನಾನಿಯೂ ಆಗಿದ್ದವನ ಮಾನವನ್ನು ಒಂದು ಗುಳ್ಳಕಾಯಿ ಮುರಿಯಿತು. ಆ ಅಜ್ಜಿಯ ಪ್ರತಿಮೆ ಇಂದಿಗೂ ಗೊಮ್ಮಟನಿಗೆ ಎದುರಾಗಿ ನಿಂತಿದೆ. ಗುಳ್ಳಕಾಯಜ್ಜಿಯ ಕಥೆಯನ್ನು ಮಕ್ಕಳಿಗೆ ಹೇಳುವ ಸಮಾಜವು ಕಲಶಗಳಿಗೆ ದರ ನಿಗದಿ ಮಾಡುವಾಗ ಯಾರ ಪಕ್ಷದಲ್ಲಿ ನಿಂತಂತಾಯಿತು? ಆ ಅಜ್ಜಿ ಈಗ ಬಂದರೆ ಅವಳಿಗೆ ಎಷ್ಟನೆಯ ಸಾಲಿನಲ್ಲಿ ಜಾಗ ಸಿಕ್ಕೀತು?

ಎರಡನೆಯ ಆಕ್ಷೇಪ ಹೆಸರಿನದು. ಪೂರ್ವಿಕರೂ ಶಾಸನ ಹಾಕಿಸಿ ಹೆಸರು ಬರೆಸಲಿಲ್ಲವೇ, ದಾನಚಿಂತಾಮಣಿ ಅತ್ತಿಮಬ್ಬೆಯ ಕೀರ್ತಿಯನ್ನು ಲಕ್ಕುಂಡಿಯ ಶಾಸನವೇ ಸಾರುವುದಿಲ್ಲವೇ ಎಂದು ಕೇಳುವವರುಂಟು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಆ ಮಹಾಸತಿ ಶಾಸ್ತ್ರವನ್ನು ಓದುಗರಿಗೆ ಕೊಟ್ಟಳೇ ಹೊರತು ಗೌರವವನ್ನು ಹರಾಜಿನಲ್ಲಿ ಕೊಳ್ಳಲಿಲ್ಲ. ಕೀರ್ತಿ ಹಿಂದಿನಿಂದ ಬಂದಿತು. ಇನ್ನು ಶಾಸನಗಳ ಮಾತು. ಶ್ರವಣಬೆಳಗೊಳದಲ್ಲಿ ಹೊಯ್ಸಳರ ಕಾಲದ ಅನೇಕ ಶಾಸನಗಳು ರಾಜರವಲ್ಲ, ಸಾಮಾನ್ಯ ಶ್ರಾವಕರವು. ಕೆಲವೇ ಗದ್ಯಾಣಗಳನ್ನು ಮೂಲಧನವಾಗಿಟ್ಟು, ಅದರ ಬಡ್ಡಿಯಿಂದ ದೇವರ ಅಭಿಷೇಕಕ್ಕೆ ದಿನವೂ ಇಷ್ಟು ಹಾಲು, ಪೂಜೆಗೆ ಇಷ್ಟು ಹೂವು ಸಲ್ಲಬೇಕೆಂದು ಬರೆಯಿಸಿದವು. ಅಲ್ಲಿ ಹೆಸರಿದೆ, ಮೊತ್ತವಿದೆ. ಅದರ ಜೊತೆಗೆ ಉದ್ದೇಶವಿದೆ, ನಡೆಸಬೇಕಾದವರ ಹೊಣೆಯಿದೆ. ಅದು ಕಲ್ಲಿನ ಮೇಲೆ ಬರೆದ ಕರಾರುಪತ್ರ. ಮುಂದಿನವರು ಹಾಲು ನಿಲ್ಲಿಸಿದರೆ ಕಲ್ಲು ಸಾಕ್ಷಿ ಹೇಳಬೇಕು, ಇದಕ್ಕಾಗಿ ಹೆಸರು. ಇಂದಿನ ಅಮೃತಶಿಲೆಯ ಫಲಕಗಳಲ್ಲಿ ಹೆಸರಿದೆ, ಮೊತ್ತವಿದೆ. ಆ ಹಣ ಯಾವುದಕ್ಕೆ ಸಂದಿತು, ಎಷ್ಟು ಉಳಿಯಿತು, ಯಾರು ಹೊಣೆ ಎಂಬುದು ಯಾವ ಫಲಕದಲ್ಲಿದೆ? ಶಾಸನದ ಹೆಸರು ಟ್ರಸ್ಟಿಗಳನ್ನು ಕಟ್ಟಿಹಾಕುತ್ತಿತ್ತು. ಫಲಕದ ಹೆಸರು ದಾನಿಯನ್ನು ಹೊಗಳುತ್ತದೆ, ಅಷ್ಟೆ.

ಸಾಮಾನ್ಯ ಜನರ ದಾನದಿಂದ ದೊಡ್ಡ ಕಾರ್ಯಗಳು ಆಗಲಾರವು ಎಂಬ ಮೂರನೆಯ ವಾದಕ್ಕೆ ಉತ್ತರ ಪುರಾಣಗಳಲ್ಲಿ ಮಾತ್ರವಲ್ಲ, ಹತ್ತಿರದ ಇತಿಹಾಸದಲ್ಲಿಯೇ ಇದೆ. ಕೊಲ್ಹಾಪುರದ ಕಡೆಯ ಕುಂಭೋಜದಲ್ಲಿ 1887ರಲ್ಲಿ ಜೈನ ಮನೆತನದಲ್ಲಿ ಹುಟ್ಟಿದ ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಅದು ಸಾತಾರಾಕ್ಕೆ ಬಂದಿತು. ರೈತರ, ದಲಿತರ, ಎಲ್ಲ ಜಾತಿಯ ಬಡವರ ಮಕ್ಕಳು ಒಂದೇ ವಸತಿಗೃಹದಲ್ಲಿ ಒಂದೇ ಪಂಕ್ತಿಯಲ್ಲಿ ಉಂಡು ಓದಬೇಕೆಂಬುದು ಅವರ ಹಟ. ಮಕ್ಕಳ ಹೊಟ್ಟೆಗೆ ಕಾಳು ಸಾಲದಾದಾಗ ಅವರ ಪತ್ನಿ ಲಕ್ಷ್ಮೀಬಾಯಿಯವರು ಒಡವೆಗಳನ್ನು, ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು. ಆದರೆ ಸಂಸ್ಥೆಯು ಉಳಿದು ಬೆಳೆದದ್ದು ಒಂದು ಮನೆಯ ಒಡವೆಯಿಂದಲ್ಲ. ಮುಷ್ಟಿ ನಿಧಿಯೆಂಬ ಪದ್ಧತಿಯಂತೆ ಹಳ್ಳಿಗಳ ಗೃಹಿಣಿಯರು ಹಿಟ್ಟು ಬೀಸುವ ಮುನ್ನ ಒಂದು ಹಿಡಿ ಕಾಳನ್ನು ಬೇರೆಯ ಮಡಕೆಯಲ್ಲಿ ಹಾಕಿಡುತ್ತಿದ್ದರು; ಹಾಗೆ ಕೂಡಿದ್ದನ್ನು ವಸತಿಗೃಹಕ್ಕೆ ಒಯ್ಯಲಾಗುತ್ತಿತ್ತು. ಆ ಗೃಹಿಣಿಯರಲ್ಲಿ ಒಬ್ಬರ ಹೆಸರೂ ಫಲಕದ ಮೇಲಿಲ್ಲ. ಅವರು ಹಾಕಿದ ಹಿಡಿಹಿಡಿ ಜೋಳ ಸಜ್ಜೆಗಳು ಇಂದು ಮಹಾರಾಷ್ಟ್ರದಲ್ಲಿ ನೂರಾರು ಶಾಲೆಗಳಾಗಿ, ಹತ್ತಾರು ಕಾಲೇಜುಗಳಾಗಿ ನಿಂತಿವೆ. ಸಾತಾರಾದಲ್ಲಿ 1947ರಲ್ಲಿ ಶಿವಾಜಿಯ ಹೆಸರಿನಲ್ಲಿ ಕಾಲೇಜು ಆರಂಭವಾದ ಮೇಲೆ, ದಾನಿಯೊಬ್ಬರು ತಮ್ಮ ಹೆಸರಿಡುವುದಾದರೆ ದೊಡ್ಡ ಮೊತ್ತ ಕೊಡುವುದಾಗಿ ಮುಂದೆ ಬಂದಾಗ, ಅಪ್ಪನ ಹೆಸರನ್ನಾದರೂ ಬದಲಿಸೇನು, ಕಾಲೇಜಿನ ಹೆಸರನ್ನು ಬದಲಿಸೆನು ಎಂಬರ್ಥದ ಮಾತಿನಿಂದ ಭಾವೂರಾವ್ ಅವರು ಅದನ್ನು ತಿರಸ್ಕರಿಸಿದ ಪ್ರಸಂಗ ಆ ಪ್ರಾಂತದಲ್ಲಿ ಮನೆಮಾತಾಗಿದೆ. ಹಿಡಿ ಕಾಳನ್ನು ಎರಡೂ ಕೈಗಳಿಂದ ಸ್ವೀಕರಿಸಿದವರು ಷರತ್ತಿನ ಹಣವನ್ನು ಮುಟ್ಟಲಿಲ್ಲ. ದಾನಸಂಗ್ರಹ ಮಾಡುವವರು ಕಲಿಯಬೇಕಾದ ಪಾಠವೆಲ್ಲ ಇದರಲ್ಲಿದೆ.

ಲೆಕ್ಕ ಹಾಕಿ ನೋಡುವವರಿಗೆ ಲೆಕ್ಕವೂ ಇದೆ. ಒಂದು ಊರಿನಲ್ಲಿ ಮುನ್ನೂರು ಜೈನ ಮನೆಗಳಿವೆಯೆಂದು ಇಟ್ಟುಕೊಂಡರೆ, ಪ್ರತಿ ಮನೆಯಿಂದ ದಿನಕ್ಕೆ ಐವತ್ತು ಗ್ರಾಂ ಅಕ್ಕಿ ಎತ್ತಿಟ್ಟಲ್ಲಿ ದಿನಕ್ಕೆ ಹದಿನೈದು ಕಿಲೋ, ವರ್ಷಕ್ಕೆ ಐವತ್ತನಾಲ್ಕು ಕ್ವಿಂಟಾಲಿಗೂ ಮಿಕ್ಕಿದ ಅಕ್ಕಿಯಾಗುತ್ತದೆ. ಒಂದು ವಿದ್ಯಾರ್ಥಿನಿಲಯದ ಮಕ್ಕಳು ವರ್ಷವಿಡೀ ಉಣ್ಣಬಹುದು. ಅಕ್ಕಿಯ ಬದಲು ದಿನಕ್ಕೆ ಐದು ರೂಪಾಯಿಯಾದರೆ ವರ್ಷಕ್ಕೆ 5,47,500 ರೂಪಾಯಿ. ಇದು ಒಂದು ಪರ್ವದ ಹುಮ್ಮಸ್ಸಿಗೆ ಏರಿ ಮರುವರ್ಷ ಇಳಿಯುವ ಹಣವಲ್ಲ. ಬಾಕಿ ಉಳಿಯುವ ಹಣವೂ ಅಲ್ಲ. ಮೊಬೈಲಿನ ಮೂಲಕ ಹತ್ತು ರೂಪಾಯಿಯನ್ನೂ ಕ್ಷಣದಲ್ಲಿ ಕಳುಹಿಸಬಹುದಾದ ಈ ಕಾಲದಲ್ಲಿ ಸಣ್ಣ ದಾನವನ್ನು ಸಂಗ್ರಹಿಸುವುದು ಕಷ್ಟವೆಂಬ ನೆಪವೂ ಉಳಿದಿಲ್ಲ. ಆದರೆ ಅದೇ ಮೊಬೈಲಿನಲ್ಲಿ ದಾನಿಗಳ ಪಟ್ಟಿಯನ್ನು ಮೊತ್ತದ ಕ್ರಮದಲ್ಲಿ ಹರಡಿ, ಕಡೆಯ ಹೆಸರಿನವನನ್ನು ಇಡೀ ಊರಿನ ಮುಂದೆ ನಾಚಿಸುವ ಕೆಲಸ ಮಾತ್ರ ತಪ್ಪದೆ ನಡೆಯುತ್ತಿದೆ.

ಇನ್ನೊಂದು ಲೆಕ್ಕವನ್ನೂ ಮರೆಯಬಾರದು. 80ಜಿ ಎಂಬ ಹೆಸರಿನಿಂದ ವ್ಯಾಪಾರಿಗಳಿಗೆಲ್ಲ ಪರಿಚಿತವಾದ ತೆರಿಗೆ ರಿಯಾಯಿತಿಯಲ್ಲಿ ಕೊಟ್ಟ ಹಣದ ಅರ್ಧವನ್ನು ಆದಾಯದಿಂದ ಕಳೆಯುವ ಸಾಮಾನ್ಯ ಕ್ರಮವಿದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ನೂರಕ್ಕೆ ಮೂವತ್ತರಂತೆ ತೆರಿಗೆ ಕೊಡುವ ಸಿರಿವಂತನಿಗೆ ಹೀಗೆ ನೂರು ರೂಪಾಯಿ ದಾನದಲ್ಲಿ ಹದಿನೈದು ರೂಪಾಯಿ ಉಳಿಯುತ್ತದೆ. ಅವನ ಕೈಯಿಂದ ಹೋಗುವುದು ಎಂಬತ್ತೈದು. ಆದಾಯ ತೆರಿಗೆಯ ಮಿತಿಗೇ ಬಾರದ ಬಡವನು ನೂರು ಕೊಟ್ಟರೆ ಅವನ ಕೈಯಿಂದ ಹೋಗುವುದು ಪೂರ್ತಿ ನೂರು. ಕಾನೂನು ಕೊಟ್ಟ ಸೌಲಭ್ಯವನ್ನು ಬಳಸುವುದು ತಪ್ಪೆಂದು ಯಾರೂ ಹೇಳುವುದಿಲ್ಲ. ಆದರೆ ಯಾರ ದಾನ ಹೆಚ್ಚು ನಿರ್ವ್ಯಾಜವಾದದ್ದು ಎಂಬುದನ್ನು ಅಂಕಿಗಳೇ ಹೇಳುತ್ತಿರುವಾಗ, ಶಾಲನ್ನು ಯಾರಿಗೆ ಹೊದಿಸಬೇಕು?

ಸವಾಲಿನ ಮತ್ತೊಂದು ದೋಷವು ಎಲ್ಲಕ್ಕಿಂತ ಗಂಭೀರವಾದುದು. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕನ ಗುಣಗಳನ್ನು ಎಣಿಸುವಾಗ ನ್ಯಾಯದಿಂದ ಧನವನ್ನು ಗಳಿಸುವುದನ್ನು ಮೊದಲಿಗೇ ಇಟ್ಟಿದ್ದಾರೆ. ಸವಾಲು ಕೂಗುವವನು ಎಷ್ಟು ಎಂದು ಕೇಳುತ್ತಾನೆಯೇ ಹೊರತು ಎಲ್ಲಿಂದ ಎಂದು ಕೇಳುವುದಿಲ್ಲ. ಕೆಲಸದವರ ಕೂಲಿಯನ್ನು ಹಿಡಿದಿಟ್ಟವನೂ, ತೂಕದಲ್ಲಿ ವಂಚಿಸಿದವನೂ ಒಂದು ಕಲಶದಿಂದ ಧರ್ಮಾತ್ಮನೆಂಬ ಬಿರುದು ಪಡೆಯಬಹುದಾದರೆ, ಅಚೌರ್ಯವ್ರತದ ಪಾಠವನ್ನು ಮಕ್ಕಳಿಗೆ ಯಾವ ಬಾಯಿಂದ ಹೇಳುವುದು? ಎಳೆಯರು ಪ್ರವಚನಕ್ಕಿಂತ ಸವಾಲನ್ನು ಹೆಚ್ಚು ಆಸಕ್ತಿಯಿಂದ ನೋಡುತ್ತಾರೆ. ಧರ್ಮವೆಂದರೆ ಹಣವಿದ್ದವರ ಆಟವೆಂದು ಅವರು ಅಲ್ಲಿಂದಲೇ ಕಲಿತು, ದೊಡ್ಡವರಾದ ಮೇಲೆ ಬಸದಿಯಿಂದ ದೂರವಾಗುತ್ತಾರೆ. ಸವಾಲಿನ ಜಮಾಖರ್ಚಿನಲ್ಲಿ ಈ ನಷ್ಟವನ್ನು ಯಾರೂ ಬರೆಯುವುದಿಲ್ಲ.

ಖಂಡನೆಯಷ್ಟೇ ಸಾಲದು, ಬದಲಿ ದಾರಿಯೂ ಬೇಕು. ಅದು ಕಷ್ಟದ್ದಲ್ಲ. ಪ್ರಥಮ ಕಲಶವನ್ನು ಚೀಟಿ ಎತ್ತಿ ನಿರ್ಧರಿಸಬಹುದು. ಹರಕೆ ಹೊತ್ತು ಉಪವಾಸ ಮಾಡಿದವರಿಗೆ, ಊರಿನ ಹಿರಿಯ ಶ್ರಾವಕಿಗೆ, ಪಾಠಶಾಲೆಯ ಮಗುವಿಗೆ ಕೊಡಬಹುದು. ದಾನಿಗಳ ಹೆಸರನ್ನು ಓದಲೇಬೇಕೆಂದರೆ ಮೊತ್ತವನ್ನು ಹೇಳದೆ ಅಕಾರಾದಿಯಾಗಿ ಓದಬಹುದು. ಪ್ರತಿ ಮನೆಗೆ ಒಂದು ಮುಷ್ಟಿ ಡಬ್ಬಿಯನ್ನು ಕೊಟ್ಟು, ತಿಂಗಳಿಗೊಮ್ಮೆ ಯುವಕ ಮಂಡಳಿಯವರು ಮನೆಮನೆಗೆ ಹೋಗಿ ರಸೀದಿ ಕೊಟ್ಟು ಸಂಗ್ರಹಿಸಬಹುದು. ಕೂಡಿದ್ದನ್ನು ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ಬಾಬುಗಳಲ್ಲಿಯೇ ಖರ್ಚು ಮಾಡಿ, ವೀರನಿರ್ವಾಣದ ದಿನ, ವ್ಯಾಪಾರಿಗಳು ಹೊಸ ವಹಿಯನ್ನು ಪೂಜಿಸುವ ಆ ದೀಪಾವಳಿಯಂದು, ಇಡೀ ವರ್ಷದ ಜಮಾಖರ್ಚನ್ನು ಬಸದಿಯ ಗೋಡೆಯ ಮೇಲೆ ಎಲ್ಲರೂ ಓದುವಂತೆ ಹಚ್ಚಬೇಕು. ದಾನ ಕೊಡುವುದು ಶ್ರಾವಕನ ಧರ್ಮವಾದರೆ, ಲೆಕ್ಕ ಕೊಡುವುದು ಸಂಗ್ರಹಿಸಿದವನ ಧರ್ಮ. ಲೆಕ್ಕ ಕಂಡಲ್ಲಿ ಬಡವನ ಕೈ ತಾನಾಗಿ ಬಿಚ್ಚುತ್ತದೆ. ಸಿರಿವಂತರು ಕೊಡುವುದನ್ನು ನಿಲ್ಲಿಸುತ್ತಾರೆಂಬ ಭಯವಿದ್ದರೆ, ಆ ಭಯವೇ ಸವಾಲಿನ ಮೇಲೆ ಬರೆದ ತೀರ್ಪು: ಗೌರವ ಸಿಗದೆ ಹಣ ಕೊಡದವರು ಈವರೆಗೆ ದಾನ ಮಾಡಿರಲಿಲ್ಲವೆಂದೇ ಅದರ ಅರ್ಥ. ಸಿರಿವಂತರಲ್ಲಿ ನಿಜವಾದ ದಾನಿಗಳು ಅನೇಕರಿದ್ದಾರೆ. ಸವಾಲು ನಿಂತರೆ ಮೊದಲು ನೆಮ್ಮದಿಯ ಉಸಿರು ಬಿಡುವವರು ಅವರೇ.

ಸಂಕಲೆಯಲ್ಲಿದ್ದ ಚಂದನೆಯ ಬಳಿ ಮಹಾವೀರ ಸ್ವಾಮಿಗೆ ಕೊಡಲು ಮಣ್ಣಿನ ಪಾತ್ರೆಯ ಒರಟು ಅನ್ನವೊಂದಿತ್ತು. ಕೌಶಾಂಬಿಯ ಎಲ್ಲ ಸಿರಿವಂತರ ಮನೆಗಳನ್ನು ಬಿಟ್ಟು ಪುರಾಣವು ಆ ಪಾತ್ರೆಯನ್ನೇ ನೆನಪಿಟ್ಟಿತು. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಪಾತ್ರನಿಗೆ ಸಕಾಲದಲ್ಲಿ ಕೊಟ್ಟ ಅಲ್ಪ ದಾನವನ್ನು ನೆರಳು ಕೊಡುವ ಮರವಾಗುವ ಆಲದ ಬೀಜಕ್ಕೆ ಹೋಲಿಸಿದರು. ಅರ್ಹಂತರ ಪೂಜೆಯ ಮಹಿಮೆಗೆ ಅವರು ಕೊಟ್ಟ ನಿದರ್ಶನವಾದರೋ ರಾಜಗೃಹದ ಒಂದು ಕಪ್ಪೆ. ಒಂದೇ ಒಂದು ಹೂವಿನೊಡನೆ ಭಗವಂತನ ದರ್ಶನಕ್ಕೆ ಹೊರಟ ಕಪ್ಪೆ. ಭಾವೂರಾವ್ ಪಾಟೀಲರು ಹಿಡಿ ಕಾಳಿನಿಂದ ಬೆಳೆಸಿದ ಸಂಸ್ಥೆಯ ಲಾಂಛನವೂ ಆಲದ ಮರವೇ. ಆ ಬೀಜವನ್ನು ಬಿತ್ತಲು ಪ್ರತಿ ಮನೆಯ ಹಿಡಿಯೂ ಸಿದ್ಧವಾಗಿದೆ. ಕೂಗುವವನ ಧ್ವನಿ ಸ್ವಲ್ಪ ಹೊತ್ತು ನಿಂತರೆ, ಹಿಂದಿನ ಸಾಲಿನಲ್ಲಿ ಸೆರಗಿನ ಗಂಟು ಬಿಚ್ಚುತ್ತಿರುವುದು ಸಮಾಜಕ್ಕೆ ಕಂಡೀತು.